ಹೈದರನ ಸೈನಿಕ ಯಾವ ಕನ್ನಡ ಮಾತಾಡುತ್ತಿದ್ದ?

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆವು. ಮಕ್ಕಳು ಚಿತ್ರದುರ್ಗದ ಕೋಟೆಯ ಕತೆಯನ್ನು ನಾಟಕವಾಗಿ ಆಡಿದರು. ಪಾಳೆಯಗಾರನ ಪಾತ್ರದ ಹುಡುಗ ಉದ್ದುದ್ದ ಸಂಸ್ಕೃತ ಪದಗಳನ್ನು ತಡವರಿಸುತ್ತಲೇ ಒಪ್ಪಿಸಿದ. ಕಾವಲುಗಾರ 'ಅಂಗಾ, ಇಂಗಾ' ಎಂದು ಹಳ್ಳಿಯ ಮಾತಾಡಿದ. ಹೈದರಾಲಿಯ ಕಡೆಯ ಸೈನಿಕ ರಂಗಕ್ಕೆ ಬಂದು 'ನಮ್ದೂಕೆ ಕಿಲ್ಲೆ ಬೇಕು' ಎಂದದ್ದೇ ತಡ, ಸಭೆ ಬಿದ್ದು ಬಿದ್ದು ನಕ್ಕಿತು. ಆ ಸೈನಿಕನ ಪಾತ್ರ ಮಾಡಿದವನು ನಮಗೆ ಪರಿಚಯದ ಮನೆಯ ಹುಡುಗ. ಕನ್ನಡದಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆಯುವವನು. ಅವನು ಮನೆಯಲ್ಲಿ ಈ ಮಾತನ್ನು ಅಭ್ಯಾಸ ಮಾಡುತ್ತಿದ್ದಾಗ ಅವನ ದಾದಿ ಅಡುಗೆಮನೆಯಿಂದಲೇ 'ಕೌನ್ ಬಾತ್ ಕರ್ತಾ ರೇ ಐಸಾ?' ಎಂದು ಕೇಳಿದರಂತೆ. ಯಾರು ಹೀಗೆ ಮಾತಾಡುತ್ತಾರೆ ಎಂಬ ಆ ಪ್ರಶ್ನೆಗೆ ಹುಡುಗನ ಬಳಿ ಉತ್ತರವಿರಲಿಲ್ಲ. ಮೇಷ್ಟ್ರು ಹೇಳಿಕೊಟ್ಟಿದ್ದರು, ಅವನು ಹೇಳಿದ, ಅಷ್ಟೆ.

ಆ ಅಜ್ಜಿಯ ಪ್ರಶ್ನೆಯನ್ನು ನಮ್ಮ ಐತಿಹಾಸಿಕ ಕಾದಂಬರಿಗಳಿಗೂ ನಾಟಕಗಳಿಗೂ ಕೇಳಬೇಕೆಂದು ಅಂದಿನಿಂದ ನಮಗೆ ಅನ್ನಿಸುತ್ತಲೇ ಇದೆ. ಕಳೆದುಹೋದ ಕಾಲದ ಜನ ಹೇಗೆ ಮಾತಾಡುತ್ತಿದ್ದರೋ ಹಾಗೆಯೇ ಬರೆಯಿರಿ ಎಂದು ಯಾವ ಲೇಖಕನನ್ನೂ ಒತ್ತಾಯಿಸಲಾಗದು. ಹನ್ನೆರಡನೇ ಶತಮಾನದ ಬೀದಿಯ ಮಾತನ್ನು ಹಾಗೆಯೇ ಅಚ್ಚಿಗೆ ಕೊಟ್ಟರೆ ಓದುವವರು ಯಾರು? ಎಲ್ಲ ಐತಿಹಾಸಿಕ ಕಾದಂಬರಿಯೂ ಒಂದು ಬಗೆಯ ಅನುವಾದವೇ. ನಮ್ಮ ತಕರಾರು ಅನುವಾದದ ಬಗ್ಗೆ ಅಲ್ಲ. ಯಾರ ಮಾತನ್ನು ಸರಿಯಾದ ಕನ್ನಡಕ್ಕೆ ತರುತ್ತೇವೆ, ಯಾರ ಮಾತನ್ನು ಮುರಿದ ಕನ್ನಡಕ್ಕೆ ತರುತ್ತೇವೆ ಎಂಬ ಆಯ್ಕೆಯ ಬಗ್ಗೆ.

ಕನ್ನಡದ ಐತಿಹಾಸಿಕ ಕಾದಂಬರಿ ಹುಟ್ಟಿದ್ದೇ ಅನುವಾದದ ತೊಟ್ಟಿಲಲ್ಲಿ. ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದವರು ಬಿ. ವೆಂಕಟಾಚಾರ್ಯರು. ಹರಿ ನಾರಾಯಣ ಆಪ್ಟೆಯವರನ್ನು ಮರಾಠಿಯಿಂದ ತಂದವರು ಗಳಗನಾಥರು. ಕನ್ನಡಿಗರಿಗೆ ಓದುವ ಚಟ ಹಿಡಿಸಿದ ಈ ಇಬ್ಬರ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಬೇರೆ ಭಾಷೆಯ ಸಂಭಾಷಣೆ ಕನ್ನಡಕ್ಕೆ ಬಂದಾಗ ಅದಕ್ಕೆ ಊರಿರಲಿಲ್ಲ, ಕೇರಿಯಿರಲಿಲ್ಲ. ಗ್ರಂಥದ ಕನ್ನಡವೇ ಅದರ ಮನೆಯಾಯಿತು. ರಾಜ, ಮಂತ್ರಿ, ಸೇನಾಪತಿ, ಸನ್ಯಾಸಿ ಎಲ್ಲರೂ ಒಂದೇ ಗುರುಕುಲದಲ್ಲಿ ಓದಿ ಬಂದವರಂತೆ ಮಾತಾಡಿದರು. ವಿಚಿತ್ರವೆಂದರೆ ಇದೇ ಕಾಲದಲ್ಲಿ, 1915ರಲ್ಲಿ, ಎಂ.ಎಸ್. ಪುಟ್ಟಣ್ಣನವರು 'ಮಾಡಿದ್ದುಣ್ಣೋ ಮಹಾರಾಯ' ಬರೆದು ಮುಮ್ಮಡಿ ಕೃಷ್ಣರಾಜರ ಕಾಲದ ಹಳ್ಳಿಯ ಮಾತನ್ನು ಜೀವಂತವಾಗಿ ಕೇಳಿಸಿದ್ದರು. ಅದರಲ್ಲಿ ಕತ್ತಿ ಕಾಳಗ ಇರಲಿಲ್ಲವಾದ್ದರಿಂದಲೋ ಏನೋ, ಐತಿಹಾಸಿಕ ಕಾದಂಬರಿಕಾರರು ಆ ದಾರಿ ಹಿಡಿಯಲಿಲ್ಲ.

ಈ ಗ್ರಂಥದ ಕನ್ನಡದೊಳಗೆ ಕೆಳಗಿನವರು ಬಂದಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ದೊರೆ 'ಹೇಳುತ್ತೇನೆ' ಎನ್ನುತ್ತಾನೆ. ಆಳು 'ಯೋಳ್ತೀನಿ' ಎನ್ನುತ್ತಾನೆ. ಆದರೆ ಬಾಯಿ ತೆರೆದು 'ಹೇಳುತ್ತೇನೆ' ಎನ್ನುವ ಮನುಷ್ಯ ಹಳೆ ಮೈಸೂರಿನ ಯಾವ ಅರಮನೆಯಲ್ಲೂ ಯಾವ ಅಗ್ರಹಾರದಲ್ಲೂ ಇರಲಾರ. ಆತನೂ 'ಹೇಳ್ತೀನಿ' ಎಂದೇ ಅಂದಿರಬೇಕು. ಅಂದರೆ ಮೇಲಿನವನ ಮಾತಿನಿಂದ ಉಚ್ಚಾರಣೆಯನ್ನು ತೆಗೆದು ಬರಹ ಮಾಡುತ್ತೇವೆ; ಕೆಳಗಿನವನ ಮಾತಿನಲ್ಲಿ ಪ್ರತಿಯೊಂದು ಉಚ್ಚಾರಣೆಯನ್ನೂ ಹೆಕ್ಕಿ ಹೆಕ್ಕಿ ಬರೆಯುತ್ತೇವೆ. 'ಹ'ಕಾರ ಬಿದ್ದದ್ದು, ಒತ್ತಕ್ಷರ ಸವೆದದ್ದು ಎಲ್ಲವೂ ಪುಟದ ಮೇಲೆ ಎದ್ದು ಕಾಣುತ್ತದೆ. ಒಬ್ಬನಿಗೆ ಭಾಷೆ, ಇನ್ನೊಬ್ಬನಿಗೆ ಬರೀ ಉಚ್ಚಾರಣೆ. ವಿಲಿಯಂ ಬ್ರೈಟ್, ಎ.ಕೆ. ರಾಮಾನುಜನ್, ಮೆಕಾರ್ಮ್ಯಾಕ್ ಮೊದಲಾದವರು 1950-60ರ ದಶಕಗಳಲ್ಲಿ ಕನ್ನಡದ ಜಾತಿ ಉಪಭಾಷೆಗಳನ್ನು ಅಭ್ಯಾಸ ಮಾಡಿ ತೋರಿಸಿದ್ದು ಇದನ್ನೇ: ಬ್ರಾಹ್ಮಣರ ಮಾತೂ ಒಂದು ಉಪಭಾಷೆ, ಅದಕ್ಕೂ ತನ್ನದೇ ಸವೆತಗಳಿವೆ, ತನ್ನದೇ ಬದಲಾವಣೆಗಳಿವೆ. ಉಪಭಾಷೆ ಇಲ್ಲದವರು ಯಾರೂ ಇಲ್ಲ.

ಮಾಸ್ತಿಯವರ 'ಚಿಕವೀರ ರಾಜೇಂದ್ರ' ಈ ವಿಷಯದಲ್ಲಿ ಒಂದು ಕುತೂಹಲದ ಉದಾಹರಣೆ. 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಕೊನೆಯ ಅರಸನ ಕತೆ. ಅರಮನೆಯ ಭಾಷೆ ಕನ್ನಡ, ಸುತ್ತಲಿನ ಪ್ರಜೆಗಳದು ಕೊಡವ ತಕ್ಕ್, ಬಂದವರದು ಇಂಗ್ಲಿಷು. ಮಾಸ್ತಿಯವರ ಪುಟದಲ್ಲಿ ಇವರೆಲ್ಲ ಹೆಚ್ಚು ಕಡಿಮೆ ಮಾಸ್ತಿಯವರ ಕನ್ನಡವನ್ನೇ ಆಡುತ್ತಾರೆ. ಇದನ್ನು ದೋಷವೆಂದು ಎಣಿಸಿದವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಮಾಸ್ತಿ ಅಂತರವನ್ನು ಉಚ್ಚಾರಣೆಯಲ್ಲಿ ತೋರಿಸದೆ ಸಂಬೋಧನೆಯಲ್ಲಿ ತೋರಿಸುತ್ತಾರೆ. ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ, ಯಾರು ಮಾತು ಮುಗಿಸುವ ಮೊದಲು ಅಪ್ಪಣೆ ಕೇಳುತ್ತಾರೆ, ಯಾರು ಯಾರೆದುರು ಮೌನವಾಗುತ್ತಾರೆ ಎಂಬುದರಲ್ಲೇ ಶ್ರೇಣಿ ಗೊತ್ತಾಗುತ್ತದೆ. ನಾಯಿಂದ ಬಸವ ಮಂತ್ರಿಯಾದದ್ದರ ಇರುಸುಮುರುಸು ಆಸ್ಥಾನದ ನಡವಳಿಕೆಯಲ್ಲಿ ಕಾಣುತ್ತದೆಯೇ ಹೊರತು ಬಸವನ ನಾಲಗೆಯ ಮೇಲಲ್ಲ. ಯಾರನ್ನೂ ನಗೆಪಾಟಲು ಮಾಡದ ಸಮತೆಯೊಂದು ಆ ಶೈಲಿಯಲ್ಲಿದೆ. ಕಳೆದುಕೊಂಡದ್ದೂ ಇದೆ, ನಿಜ. ಮಡಿಕೇರಿಯ ಮಳೆಯಲ್ಲಿ ನೆನೆದ ಮನುಷ್ಯರ ದನಿ ಅಲ್ಲಿ ಕೇಳಿಸುವುದಿಲ್ಲ.

ಆ ದನಿಗಾಗಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಬೇಕು. 1967ರಲ್ಲಿ ಪ್ರಕಟವಾದ ಈ ಕೃತಿಯ ಕಾಲ ವಿವೇಕಾನಂದರು ಶಿಕಾಗೊದಲ್ಲಿ ಮಾತಾಡಿದ ಕಾಲ, ಎಂದರೆ 1893ರ ಆಸುಪಾಸು. ರಾಜರಿಲ್ಲವೆಂಬ ಕಾರಣಕ್ಕೆ ಇದನ್ನು ಐತಿಹಾಸಿಕ ಕಾದಂಬರಿ ಎಂದು ಯಾರೂ ಕರೆಯುವುದಿಲ್ಲ. ನಾವು ಕರೆಯುತ್ತೇವೆ. ನಾಯಿಗುತ್ತಿಯದೊಂದು ಮಾತು, ಹೆಗ್ಗಡೆಗಳದೊಂದು ಮಾತು, ಘಟ್ಟದ ಕೆಳಗಿನಿಂದ ಬಂದ ಚೀಂಕ್ರ, ಐತ, ಪೀಂಚಲು ಇವರದು ಬೇರೆಯೇ ವರಸೆ. ಮುಖ್ಯ ಸಂಗತಿಯೆಂದರೆ ಇಲ್ಲಿ ಹೆಗ್ಗಡೆಯೂ ಗ್ರಂಥದ ಕನ್ನಡ ಆಡುವುದಿಲ್ಲ. ಎಲ್ಲರಿಗೂ ಬಾಯಿದೆ. ಒಬ್ಬನ ಉಚ್ಚಾರಣೆ ಮಾತ್ರ ವಿಚಿತ್ರವಾಗಿ ಕಾಣುವ ಪ್ರಶ್ನೆಯೇ ಏಳುವುದಿಲ್ಲ. ಹಾಗೆಂದು ನಮಗೆ ಈ ಮಹಾಕೃತಿಯ ಬಗ್ಗೆ ಒಂದು ಸಣ್ಣ ನೋವೂ ಇದೆ. ಅಲ್ಲಿ ಬರುವ ಕರೀಂ ಸಾಬಿ, ಪುಡಿ ಸಾಬಿಯಂಥವರು ಹೆಚ್ಚಾಗಿ ಅಂಜಿಕೆ ಹುಟ್ಟಿಸಲು ಬರುತ್ತಾರೆ. ಗುತ್ತಿಗೆ ಸಿಕ್ಕ ಒಳಬಾಳು ಅವರಿಗೆ ಸಿಕ್ಕಿಲ್ಲ. ಕಿವಿ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಎಷ್ಟು ದೂರ ನಡೆದು ಹೋಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಈಗ 'ನಮ್ದೂಕೆ'ಗೆ ಬರೋಣ. ಈ ಪ್ರಯೋಗ ಎಲ್ಲಿಂದ ಬಂತು? ದಖ್ಖನಿಯಲ್ಲಿ 'ಗೆ' ಎಂಬ ವಿಭಕ್ತಿಗೆ 'ಕು' ಎನ್ನುತ್ತಾರೆ. 'ನಮ್ಮದು' ಎಂಬ ಕನ್ನಡಕ್ಕೆ ಆ 'ಕು'ವನ್ನು ಯಾರೋ ಹಾಸ್ಯಗಾರರು ಅಂಟಿಸಿರಬೇಕೆಂದು ನಮ್ಮ ಊಹೆ. ಕನ್ನಡ ಚೆನ್ನಾಗಿ ಬಾರದ ದಖ್ಖನಿ ಭಾಷಿಕರು ಕನ್ನಡ ಆಡುವಾಗ ತಪ್ಪುತ್ತಾರೆ, ನಿಜ. ಲಿಂಗ ತಪ್ಪುತ್ತದೆ, 'ಅವನು ಬಂತು' ಎನ್ನುತ್ತಾರೆ. ನಾವೇ ಕೇಳಿದ್ದೇವೆ, ನಮ್ಮ ಮನೆಗಳಲ್ಲೇ ಕೇಳಿದ್ದೇವೆ. ಆದರೆ ಪ್ರತಿ ಪದಕ್ಕೂ 'ಕೆ' ಹಚ್ಚಿ ಮಾತಾಡುವ ಸಾಬಿಯನ್ನು ಕಂಡವರು ರಂಗದ ಮೇಲೆ ಮತ್ತು ತೆರೆಯ ಮೇಲೆ ಮಾತ್ರ. ಈ ನಗರದ ಹಾಸ್ಯವನ್ನು ಹಿಂದಕ್ಕೆ ಒಯ್ದು ಹದಿನೆಂಟನೇ ಶತಮಾನದ ದಂಡಿನ ಬಾಯಿಗೆ ಹಾಕಿದ್ದೇವೆ.

ಇದಕ್ಕಿಂತ ದೊಡ್ಡ ತಪ್ಪು ತರ್ಕದ್ದು. ಸೇನಾಪತಿಯ ಡೇರೆಯಲ್ಲಿ ಇಬ್ಬರು ಮುಸ್ಲಿಂ ಸರದಾರರು ಮಾತಾಡುತ್ತಿದ್ದಾರೆ ಎಂದುಕೊಳ್ಳಿ. ಅವರು ತಮ್ಮತಮ್ಮೊಳಗೆ ಆಡುವುದು ದಖ್ಖನಿಯೋ ಫಾರಸಿಯೋ ಇರಬೇಕು. ತಮ್ಮ ಭಾಷೆಯಲ್ಲಿ ಯಾರೂ ತೊದಲುವುದಿಲ್ಲ. ಕಾದಂಬರಿಕಾರ ಆ ಮಾತನ್ನು ಓದುಗನಿಗಾಗಿ ಕನ್ನಡಕ್ಕೆ ತರುತ್ತಿದ್ದಾನೆ. ಹಾಗಿರುವಾಗ ಅದು ಒಳ್ಳೆಯ ಕನ್ನಡವಾಗಿಯೇ ಬರಬೇಕಲ್ಲವೆ? ತೊದಲು ಬರಬೇಕಾದದ್ದು ಆ ಸರದಾರ ಕನ್ನಡದವನ ಜೊತೆ ಕನ್ನಡದಲ್ಲಿ ಮಾತಾಡುವಾಗ ಮಾತ್ರ. ಅದೇ ನ್ಯಾಯದಿಂದ, ಕನ್ನಡದ ನಾಯಕ ಸುಲ್ತಾನನ ಆಸ್ಥಾನಕ್ಕೆ ಹೋಗಿ ಹಿಂದುಸ್ತಾನಿಯಲ್ಲಿ ಮಾತಾಡುವಾಗ ಅವನೂ ತೊದಲಬೇಕು. ನಮ್ಮ ಯಾವ ನಾಯಕನೂ ಹೀಗೆ ತೊದಲಿದ್ದನ್ನು ನಾವಂತೂ ಓದಿಲ್ಲ. ಇಂಗ್ಲಿಷ್ ಅಧಿಕಾರಿಗಳ 'ಟುಮ್' ಕನ್ನಡಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಇನ್ನೊಂದು ಸಂಗತಿ. ಮುಸ್ಲಿಂ ಪಾತ್ರ ಎಂದರೆ ಎರಡು ವಾಕ್ಯಕ್ಕೊಮ್ಮೆ 'ಯಾ ಅಲ್ಲಾ' ಎನ್ನಲೇಬೇಕು, ನಡುನಡುವೆ 'ಕಾಫಿರ್' ಎನ್ನಲೇಬೇಕು ಎಂಬ ನಿಯಮವೊಂದಿದೆ. ಒಂದು ಕಾದಂಬರಿಯಲ್ಲಿ ಸರದಾರನೊಬ್ಬ ನಿನ್ನೆ ಮುಗಿದ ಯುದ್ಧದ ಬಗ್ಗೆ 'ಇನ್ಶಾ ಅಲ್ಲಾ, ಗೆದ್ದೆವು' ಎಂದದ್ದನ್ನು ಓದಿ ನಕ್ಕಿದ್ದೆವು. ದೇವರು ಇಚ್ಛಿಸಿದರೆ ಎಂಬ ಮಾತು ನಾಳೆಗೆ ಹೇಳುವಂಥದು. ನೆರೆಮನೆಯ ಯಾರನ್ನಾದರೂ ಕೇಳಿದ್ದರೆ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು.

ಅಸಲಿಗೆ ಆ ಸೈನಿಕ ಯಾರು? ಹೈದರಾಲಿ ಹುಟ್ಟಿದ್ದು ಕೋಲಾರದ ಬೂದಿಕೋಟೆಯಲ್ಲಿ. ಓದುಬರಹ ಬಾರದ ಆತ ಕನ್ನಡ, ಹಿಂದುಸ್ತಾನಿ, ತೆಲುಗು, ಮರಾಠಿ, ತಮಿಳುಗಳಲ್ಲಿ ಸರಾಗವಾಗಿ ಮಾತಾಡುತ್ತಿದ್ದನೆಂದು ಬರೆದವನು ಅವನ ಅಭಿಮಾನಿಯಲ್ಲ, ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್. 1779ರಲ್ಲಿ ಚಿತ್ರದುರ್ಗ ಬಿದ್ದ ಮೇಲೆ ಅಲ್ಲಿನ ಸಾವಿರಾರು ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಹುಡುಗರನ್ನು ಇಸ್ಲಾಮಿಗೆ ಸೇರಿಸಿ 'ಚೇಲಾ' ಪಡೆ ಕಟ್ಟಲಾಯಿತು. ಅದು ಬಲವಂತದ್ದು, ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಭಾಷೆಯ ದೃಷ್ಟಿಯಿಂದ ನೋಡಿ: ಹೈದರನ ಸಮವಸ್ತ್ರ ತೊಟ್ಟು ನಿಂತ ಆ ಹುಡುಗನ ಬಾಯಲ್ಲಿದ್ದದ್ದು ಚಿತ್ರದುರ್ಗದ ಬೇಡರ ಕನ್ನಡ. ಅವನ ತಾಯಿ ಜೋಗುಳ ಹಾಡಿದ ಕನ್ನಡ. ಅತ್ತ ದುರ್ಗದ ಪಾಳೆಯಗಾರರ ಕಡೆಯೂ ಮುಸ್ಲಿಂ ಸೈನಿಕರಿದ್ದರು. ಕೋಟೆಯ ಗೋಡೆಯ ಈಚೆ ಕನ್ನಡ, ಆಚೆ 'ನಮ್ದೂಕೆ' ಎಂಬ ಗೆರೆಯನ್ನು ಎಳೆದವರು ನಾವು, ಹದಿನೆಂಟನೇ ಶತಮಾನದವರಲ್ಲ. ತ.ರಾ.ಸು. ಅವರ 'ದುರ್ಗಾಸ್ತಮಾನ'ದ ಗಾಂಭೀರ್ಯವನ್ನು ಮೆಚ್ಚುವವರಲ್ಲಿ ನಾವೂ ಇದ್ದೇವೆ. ಆದರೆ ಆ ಚೇಲಾ ಹುಡುಗನ ಕಾದಂಬರಿಯನ್ನು ಕನ್ನಡದಲ್ಲಿ ನಾವಿನ್ನೂ ಓದಿಲ್ಲ. ಒಂದೇ ನಾಲಗೆಯಲ್ಲಿ ಎರಡು ನಿಷ್ಠೆಗಳನ್ನು ಹೊತ್ತ ಅವನಿಗಿಂತ ಒಳ್ಳೆಯ ಕಥಾನಾಯಕ ಸಿಗುವನೆ?

ಟಿಪ್ಪುವಿನದು ಇನ್ನೂ ತೊಡಕಿನ ವಿಷಯ. ಕನಸುಗಳನ್ನು ತನ್ನ ಕೈಯಾರೆ ಫಾರಸಿಯಲ್ಲಿ ಬರೆದಿಟ್ಟ. ಆಡಳಿತದಲ್ಲಿ ಫಾರಸಿಯನ್ನು ಹೇರಿದ ಎಂಬ ಆಕ್ಷೇಪವೂ ಅವನ ಮೇಲಿದೆ, ಅದಕ್ಕೆ ಆಧಾರವೂ ಇದೆ. ಅದೇ ಟಿಪ್ಪುವಿನಿಂದ ಶೃಂಗೇರಿ ಮಠಕ್ಕೆ ಹೋದ ಕನ್ನಡ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಆ ಕನಸುಗಳನ್ನು ಆಧರಿಸಿ ಗಿರೀಶ ಕಾರ್ನಾಡರು ಬರೆದ ನಾಟಕದಲ್ಲಿ ಟಿಪ್ಪು ತೊದಲುವುದಿಲ್ಲ ಎಂಬುದನ್ನು ಕೃತಜ್ಞತೆಯಿಂದ ನೆನೆಯುತ್ತೇವೆ. ಕಾರ್ನಾಡರಿಗೆ ಈ ಸೂಕ್ಷ್ಮ ಮೊದಲಿನಿಂದಲೂ ಇತ್ತು. 1964ರ 'ತುಘಲಕ್'ನಲ್ಲಿ ಅಗಸರ ಅಜೀಜ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ದಾವೆ ಗೆಲ್ಲುತ್ತಾನೆ. ವೇಷ ಬದಲಿಸಿದಂತೆ ಮಾತನ್ನೂ ಬದಲಿಸದೆ ಅಗಸನೊಬ್ಬ ವಿಷ್ಣುಪ್ರಸಾದನಾಗಲು ಸಾಧ್ಯವೆ? ನಟನಾದವನು ಈ ಪಾತ್ರ ವಹಿಸುವಾಗ ಎದುರಿಸುವ ಮೊದಲ ಪ್ರಶ್ನೆ ಇದೇ.

ಲಂಕೇಶರ 'ಸಂಕ್ರಾಂತಿ' ಇದನ್ನು ಇನ್ನೂ ಹತ್ತಿರದಿಂದ ಮುಟ್ಟುತ್ತದೆ. ಬಸವಣ್ಣನ ಕಲ್ಯಾಣದಲ್ಲಿ ಹೊಲೆಯರ ರುದ್ರ ಶರಣನಾಗುತ್ತಾನೆ. ಅವನನ್ನು ಪ್ರೀತಿಸಿದ ಬ್ರಾಹ್ಮಣರ ಉಷಾಳಿಗೆ ಈ ಹೊಸ ರುದ್ರ ಬೇರೆ ಯಾರೋ ಎನ್ನಿಸುತ್ತಾನೆ. ಕೇರಿಯ ಮಾತೂ ಶರಣರ ಮಾತೂ ಆ ನಾಟಕದಲ್ಲಿ ಎದುರಾಬದುರಾಗಿ ನಿಂತುಕೊಳ್ಳುತ್ತವೆ. ಮೇಲೆ ಬರಬೇಕಾದರೆ ಮಾತನ್ನು ಬಿಟ್ಟು ಬರಬೇಕೆ ಎಂಬ ಪ್ರಶ್ನೆ ಹನ್ನೆರಡನೇ ಶತಮಾನದ್ದು ಮಾತ್ರ ಅಲ್ಲ. ಕಾಲೇಜು ಸೇರಿದ ಮೇಲೆ ಮನೆಯ ಭಾಷೆಯನ್ನು ಬಸ್‌ನಿಲ್ದಾಣದಲ್ಲೇ ಇಳಿಸಿ ಬರುವ ನಮ್ಮ ಹುಡುಗ ಹುಡುಗಿಯರಿಗೆ ಇದು ಚೆನ್ನಾಗಿ ಗೊತ್ತು.

ಕಲ್ಯಾಣದ ಮಾತು ಬಂದದ್ದರಿಂದ ಪ್ರಾದೇಶಿಕತೆಯ ಬಗ್ಗೆಯೂ ಹೇಳಬೇಕು. ಬಿ. ಪುಟ್ಟಸ್ವಾಮಯ್ಯನವರಿಂದ ಹಿಡಿದು ಅನೇಕರು ಬಸವಣ್ಣನ ಕಾಲವನ್ನು ಕಾದಂಬರಿಯಾಗಿಸಿದ್ದಾರೆ. ಬಸವಕಲ್ಯಾಣ ಇರುವುದು ಬೀದರ ಜಿಲ್ಲೆಯಲ್ಲಿ. ಆ ಕಾದಂಬರಿಗಳ ಶರಣರು ಆಡುವುದು ಮಾತ್ರ ಹೆಚ್ಚಾಗಿ ಮೈಸೂರು ಬೆಂಗಳೂರುಗಳ ಪುಸ್ತಕದ ಕನ್ನಡ. ಕಿತ್ತೂರು ಚೆನ್ನಮ್ಮನಿಗೂ ತೆರೆಯ ಮೇಲೆ ಇದೇ ಗತಿ. ಬೆಳಗಾವಿ ಸೀಮೆಯ ಮಾತು ಅಲ್ಲಿ ಸಿಕ್ಕರೆ ಅದು ಆಳುಗಳ ಬಾಯಲ್ಲಿ, ನಗಿಸುವುದಕ್ಕೆ. ಆಧಾರಗಳೇ ಇಲ್ಲವೆನ್ನುವಂತಿಲ್ಲ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಮೇಲೆ ಜನ ಕಟ್ಟಿ ಹಾಡುತ್ತಿದ್ದ ಲಾವಣಿಯನ್ನು ಜೆ.ಎಫ್. ಫ್ಲೀಟ್ 1880ರ ದಶಕದಲ್ಲೇ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚು ಮಾಡಿಸಿದ. ಆ ಸೀಮೆಯ ಬಾಯಿಮಾತು ಅದರಲ್ಲಿದೆ, ಆ ಬಾಯಿಮಾತಿನಲ್ಲೇ ವೀರವೂ ಇದೆ. ನಾಯಕನನ್ನು ಉತ್ತರ ಕರ್ನಾಟಕದ ಕನ್ನಡದಲ್ಲಿ ಮಾತಾಡಿಸಿದರೆ ಘನತೆ ಇಳಿಯುತ್ತದೆ ಎಂದು ಹೆದರುವವರು ಅದನ್ನೊಮ್ಮೆ ನೋಡಬೇಕು.

ಅದೇ ಸೀಮೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫ ಸಾಹೇಬರ ಕನ್ನಡಕ್ಕೆ ಏನೆನ್ನುವುದು? ಊರೂರು ತಿರುಗಿ ತತ್ವಪದ ಹಾಡಿದ ಆ ಮುಸಲ್ಮಾನನ ನಾಲಗೆಯ ಮೇಲೆ ಧಾರವಾಡದ ಕನ್ನಡ ಕುಣಿಯುತ್ತದೆ. ಬಡಗಣದ ಊರುಗಳಲ್ಲಿ ಮೊಹರಮ್ಮಿಗೆ ಹಾಡುವ ರಿವಾಯತ್ ಪದಗಳೂ ಕನ್ನಡದವೇ. ಅಲ್ಲಿನ ಎಷ್ಟೋ ಪಿಂಜಾರ, ನದಾಫ ಮನೆಗಳಲ್ಲಿ ಒಲೆಯ ಮುಂದಿನ ಮಾತೇ ಕನ್ನಡ. ಭಟ್ಕಳದವರದು ನವಾಯತಿ, ಮಂಗಳೂರಿನವರದು ಬ್ಯಾರಿ. ಇವರೆಲ್ಲರಿಗೂ ಒಂದೇ 'ಸಾಬರ ಕನ್ನಡ' ಹೊಲಿದು ಕೊಡುವುದು ಊರಿಗೆಲ್ಲ ಒಂದೇ ಅಳತೆಯ ಷರಾಯಿ ಹೊಲಿದಂತೆ.

ಕರಾವಳಿಯ ಸಂಗತಿಯಂತೂ ಮೈಸೂರಿನ ಲೆಕ್ಕಾಚಾರವನ್ನೇ ತಲೆಕೆಳಗು ಮಾಡುತ್ತದೆ. ಅಲ್ಲಿ ಬಹುಪಾಲು ಜನರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಕನ್ನಡ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಕೂಲಿಯಾಳೂ 'ನಾನು ಹೇಳಿದ್ದೇನೆ' ಎಂದು ಪುಸ್ತಕದಂತೆಯೇ ಮಾತಾಡುತ್ತಾನೆ. ಸಾರಾ ಅಬೂಬಕ್ಕರ್ ಅವರ ನಾದಿರಾ ಶುದ್ಧ ಕನ್ನಡದಲ್ಲಿ ಅತ್ತಾಗ ಅದು ಕೃತಕವೆನ್ನಿಸದಿರಲು ಇದೂ ಒಂದು ಕಾರಣ. ಬೊಳುವಾರು ಮಹಮದ್ ಕುಂಞಿಯವರ 'ಸ್ವಾತಂತ್ರ್ಯದ ಓಟ' 2012ರಲ್ಲಿ ಬಂತು. ದೇಶವಿಭಜನೆಯಿಂದ ಹೊರಟು ಮುತ್ತುಪ್ಪಾಡಿಗೆ ಬರುವ ಆ ದೊಡ್ಡ ಕತೆಯಲ್ಲಿ ಅವರು ಪಾತ್ರಗಳ ಮುಸ್ಲಿಮತನವನ್ನು ಕೆಟ್ಟ ಕನ್ನಡದಿಂದ ಸಾಬೀತು ಮಾಡಲು ಹೋಗುವುದಿಲ್ಲ. ಅವರ ಲೋಕದ ಮುಸ್ಲಿಮರು ತಮಾಷೆ ಮಾಡುತ್ತಾರೆ, ತಮಾಷೆಯ ವಸ್ತುವಾಗುವುದಿಲ್ಲ. ದಖ್ಖನಿ ಮನೆಗಳನ್ನು ಬರೆದ ಬಾನು ಮುಷ್ತಾಕ್ ಐತಿಹಾಸಿಕ ಕಾದಂಬರಿ ಬರೆದವರಲ್ಲ. ಆದರೂ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಗೆದ್ದಾಗ, ಇಂಗ್ಲಿಷಿನಲ್ಲೂ ಆ ಮನೆಗಳ ಮಾತಿನ ಲಯವನ್ನು ಅಳಿಸದೆ ಉಳಿಸಿಕೊಂಡದ್ದನ್ನು ಜಗತ್ತು ಮೆಚ್ಚಿತು. ಕನ್ನಡದಲ್ಲೇ ಅದನ್ನು ಉಳಿಸಲು ಏನಡ್ಡಿ?

ದಖ್ಖನಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಕೆಟ್ಟ ಉರ್ದು ಅಲ್ಲ. ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ 'ಕಿತಾಬೆ ನೌರಸ್' ಬರೆದು ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ್ದು ಈ ಭಾಷೆಯಲ್ಲಿ. ನುಸ್ರತಿ ಕಾವ್ಯ ಕಟ್ಟಿದ್ದೂ ಇದರಲ್ಲೇ. ಕನ್ನಡದ ಜೊತೆ ನೂರಾರು ವರ್ಷ ಬಾಳಿದ ಈ ಭಾಷೆಯ ವಾಕ್ಯಗಳು ಕನ್ನಡದ ವಾಕ್ಯಗಳಂತೆಯೇ ನಡೆಯುತ್ತವೆ. 'ಬರ್ತೀನಿ ಅಂತ ಹೇಳ್ದ' ಎಂಬಲ್ಲಿನ 'ಅಂತ'ದ ಜಾಗದಲ್ಲಿ ದಖ್ಖನಿ 'ಬೋಲ್ಕೆ' ಎನ್ನುತ್ತದೆ. ಪದ ಬೇರೆ, ಜಾಗ ಅದೇ. ಸಾಂಗ್ಲಿ ಜಿಲ್ಲೆಯ ಕುಪ್‌ವಾಡ ಎಂಬ ಗಡಿ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ವ್ಯಾಕರಣದತ್ತ ಸರಿದಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ತೋರಿಸಿದರು. ಒಂದು ಭಾಷೆಯ ವಾಕ್ಯದ ಪದಗಳನ್ನು ಒಂದೊಂದಾಗಿ ಬದಲಿಸಿದರೆ ಸಾಕು, ಇನ್ನೊಂದು ಭಾಷೆಯ ವಾಕ್ಯವಾಗುತ್ತಿತ್ತು. ಕನ್ನಡದ ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ? ದಖ್ಖನಿ ಪಾತ್ರದ ಮಾತನ್ನು ಮುರಿಯದೆ, ಅದರ ಜಾಡಿನಲ್ಲೇ ಕನ್ನಡಕ್ಕೆ ತರಬಹುದು.

ಕೊಡುಕೊಳ್ಳುವಿಕೆ ಎರಡೂ ಕಡೆಯದು. ಅಮಲ್ದಾರ, ಕಚೇರಿ, ಖಜಾನೆ, ಹುಕುಂ, ಫಿರ್ಯಾದಿ, ತಕರಾರು ಇವನ್ನೆಲ್ಲ ತೆಗೆದರೆ ಹದಿನೆಂಟನೇ ಶತಮಾನದ ಕನ್ನಡದ ಕಡತಗಳೇ ಉಳಿಯುವುದಿಲ್ಲ. ಆದರೂ ಐತಿಹಾಸಿಕ ಕಾದಂಬರಿಯ ದೊರೆ 'ಹುಕುಂ' ಎನ್ನುವುದಿಲ್ಲ, 'ಆಜ್ಞೆ' ಎನ್ನುತ್ತಾನೆ. ಹದಿನಾಲ್ಕನೇ ಶತಮಾನದಲ್ಲೇ ವಿಜಯನಗರದ ಅರಸರು 'ಹಿಂದೂರಾಯ ಸುರತ್ರಾಣ' ಎಂದು ಬಿರುದು ಹಾಕಿಸಿಕೊಂಡರು. ಸುರತ್ರಾಣ ಎಂದರೆ ಸುಲ್ತಾನ. ಆ ಅರಸರಿಗಿಲ್ಲದ ಮಡಿ ಅವರ ಕಾದಂಬರಿಕಾರರಿಗೆ ಏಕೆ ಬಂತು?

ವಾಲ್ಟರ್ ಸ್ಕಾಟ್ ಐತಿಹಾಸಿಕ ಕಾದಂಬರಿಗೆ ಹೆದ್ದಾರಿ ಹಾಕಿದವನು. ಅವನ ಕಾದಂಬರಿಗಳಲ್ಲೂ ದೊಡ್ಡವರಿಗೆ ಇಂಗ್ಲಿಷು, ಆಳುಕಾಳುಗಳಿಗೆ ಸ್ಕಾಟ್ಲೆಂಡಿನ ಆಡುಮಾತು. ಆದರೆ 1818ರಲ್ಲಿ ಬರೆದ ಒಂದು ಕಾದಂಬರಿಯಲ್ಲಿ ಜೀನೀ ಡೀನ್ಸ್ ಎಂಬ ಹಳ್ಳಿಯ ಹೆಣ್ಣು ಲಂಡನ್ನಿಗೆ ನಡೆದು ಹೋಗಿ, ಗಲ್ಲಿನ ಶಿಕ್ಷೆಗೆ ಗುರಿಯಾದ ತಂಗಿಯ ಪ್ರಾಣಕ್ಕಾಗಿ ರಾಣಿಯ ಮುಂದೆ ಬೇಡಿಕೊಳ್ಳುತ್ತಾಳೆ. ತನ್ನ ಊರಿನ ಮಾತಿನ ಕಸುವನ್ನು ಆಗಲೂ ಬಿಡುವುದಿಲ್ಲ. ಯಾರೂ ನಗುವುದಿಲ್ಲ. ಸ್ಕಾಟನ ಕತ್ತಿವರಸೆ ಬಂಗಾಳದ ಮಾರ್ಗವಾಗಿ ಕನ್ನಡಕ್ಕೆ ಬಂತು, ಜೀನೀ ಮಾತ್ರ ದಾರಿಯಲ್ಲೆಲ್ಲೋ ಉಳಿದುಬಿಟ್ಟಳು.

ಕಾರ್ನಾಡರ ಕೊನೆಯ ನಾಟಕ 'ರಾಕ್ಷಸ ತಂಗಡಿ' ಬಂದದ್ದು 2018ರಲ್ಲಿ. 1565ರ ಯುದ್ಧದ ಕತೆ. ಅಳಿಯ ರಾಮರಾಯ ಪ್ರಾಯದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. ಬಿಜಾಪುರದ ಅಲಿ ಆದಿಲ್‌ಶಾಹ ವಿಜಯನಗರಕ್ಕೆ ಬಂದಾಗ ರಾಮರಾಯ ಅವನನ್ನು ಮಗನೆಂದು ಕರೆದ. ಕೆಲವೇ ವರ್ಷಗಳಲ್ಲಿ ಆ ಮಗನೂ ಎದುರು ಪಾಳೆಯದಲ್ಲಿ ನಿಂತ. ಮುದುಕನ ತಲೆ ಉರುಳಿತು. ನಾಟಕವನ್ನು ಓದಿ ಮುಗಿಸಿದ ದಿನದಿಂದ ನಮ್ಮನ್ನು ಕಾಡುತ್ತಿರುವುದು ಒಂದೇ ಸಣ್ಣ ವಿಷಯ. 'ಮಗನೆ' ಎಂದು ರಾಮರಾಯ ಕರೆದದ್ದು ಯಾವ ಭಾಷೆಯಲ್ಲಿ? ತೆಲುಗಿನಲ್ಲೋ, ಕನ್ನಡದಲ್ಲೋ, ದಖ್ಖನಿಯಲ್ಲೋ? ಆ ಹರೆಯದ ಸುಲ್ತಾನ ಯಾವ ಭಾಷೆಯಲ್ಲಿ ಓಗೊಟ್ಟ?